ಮೋಟಾರು ಬಂಡಿಯ ಎಂಜಿನ್ನು

ಮೋಟಾರು ಬಂಡಿಯ ಮುಂದಣ ಮುಚ್ಚಳವನ್ನೆತ್ತಿ ಒಳಗೆ ಇಣುಕಿದವರಲ್ಲಿ ಅನೇಕರು ಕೂಡಲೇ ಅದನ್ನು ಮುಚ್ಚಿಬಿಡುವರು. ಅಷ್ಟೊಂದು ಕೊಳವೆ, ತಂತಿ, ತಿರುಪುಗಳ ನಡುವೆ ಯಾವುದು ಮುಖ್ಯ, ಯಾವುದು ಅಲ್ಲ ಎಂಬುದು ತಿಳಿಯದು. ಆದುದರಿಂದ ಇಂದು ಶ್ರೋತೃಗಳ ಮುಂದೆ ಅತಿ ಸರಳವಾದ ಎಂಜಿನ್ನೊಂದನ್ನು ಬಿಚ್ಚಿಡುವೆನು. ಅದು ಅಮೆರಿಕದ ಫೋರ್ಡ್ ಕಂಪೆನಿಯವರ ಮಾಡೆಲ್ ಟಿ ಬಂಡಿಯದು. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮೀರಿ ತಯಾರಾದ ಈ ಬಂಡಿಯಲ್ಲಿ ಅನಾವಶ್ಯಕವಾದ ಭಾಗವೆಂಬುದು ಬಹು ವಿರಳ. ಇಂದಿನ ಪೆಟ್ರೋಲ್ ಎಂಜಿನ್ನುಗಳೂ ಮೂಲತಃ ಅದೇ ತತ್ತ್ವದಿಂದ ನಡೆಯುವುವು.

ಉಗಿಯಂತ್ರದಲ್ಲಿ ಒಲೆ ಬೇರೆ, ಕೆಲಸ ನಡೆಯುವ ಸ್ಥಳ ಬೇರೆ. ಇಲ್ಲಿಯಾದರೋ ಎರಡೂ ಒಂದೇ. ಎರಕದ ಕಬ್ಬಿಣದ ದಿಮ್ಮಿಯೊಂದರಲ್ಲಿ ಮೂರೂಮುಕ್ಕಾಲು ಅಂಗುಲ ಅಗಲದ ನಾಲ್ಕು ದುಂಡನೆಯ ಬಾವಿಗಳುಂಟು, ಇವೇ ಸಿಲಿಂಡರುಗಳು. ಪ್ರತಿಯೊಂದರಲ್ಲಿಯೂ ಒಂದು ಪಿಸ್ಟನ್ನು ನಾಲ್ಕು ಅಂಗುಲದಷ್ಟು ಮೇಲಕ್ಕೂ ಕೆಳಕ್ಕೂ ಚಲಿಸುವುದು. ಅನಿಲವು ಸಂದಿಯಿಂದ ಸೋರಿಹೋಗದಂತೆ ಪಿಸ್ಟನ್ನಿನ ಸುತ್ತ ಕಬ್ಬಿಣದ ಬಳೆಗಳನ್ನು ತೊಡಿಸಿರುವರು. ಹೀಗೆ ಏರಿಳಿಯುವ ಚಲನೆಯಿಂದ ಚಕ್ರವನ್ನು ತಿರುಗಿಸುವುದು ಹೇಗೆ? ಹೊಲಿಗೆಯ ಯಂತ್ರವನ್ನು ಕಂಡವರಿಗೆ ಉತ್ತರ ಗೊತ್ತೇ ಇದೆ. ಅಲ್ಲಿ ಕಾಲಿನಿಂದ ತುಳಿಯುವ ಹಲಗೆಗೂ ಗಾಲಿಗೂ ನಡುವೆ ಒಂದು ಸರಳಿರುವಂತೆ, ಇಲ್ಲಿಯೂ ಪಿಸ್ಟನ್ನಿನಿಂದ ಇಳಿದ ಸರಳು ಕೆಳಗಿರುವ ಕ್ರ್ಯಾಂಕ್ ಷಾಫ್ಟೆಂಬ ಸೊಟ್ಟ ಅಚ್ಚನ್ನು ತಿರುಗಿಸುವುದು.

ಇನ್ನು ಈ ಯಂತ್ರದ ಪ್ರಾಣದಂತಿರುವ ನಾಲ್ಕು ನಡೆಗಳನ್ನು ನೋಡೋಣ. 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ಎಂಬಾತನು ಇವುಗಳಿಂದ ನಡೆಯುವ ಎಂಜಿನ್ನನ್ನು ನಿರ್ಮಿಸಿದನು. ಮೊದಲು ಪಿಸ್ಟನ್ನು ಕೆಳಗಿಳಿಯುತ್ತ, ಕಾರ್ಬ್ಯುರೆಟರಿನಲ್ಲಿ ಬೆರೆತ ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಒಳಕ್ಕೆ ಹೀರುವುದು. ಬಳಿಕ ಮೇಲೇರಿ ಆ ಮಿಶ್ರಣವನ್ನು ಸುಮಾರು ಕಾಲು ಭಾಗದಷ್ಟು ಜಾಗಕ್ಕೆ ಅದುಮುವುದು. ಆಗ ವಿದ್ಯುತ್ತಿನ ಕಿಡಿ ಹಾರಿ, ಮಿಶ್ರಣವು ಉರಿದು, ಹಿಗ್ಗಿದ ಅನಿಲವು ಪಿಸ್ಟನ್ನನ್ನು ಕೆಳಕ್ಕೆ ನೂಕುವುದು. ಇದು ಮೂರನೆಯ ನಡೆ. ನಾಲ್ಕನೆಯದರಲ್ಲಿ ಪಿಸ್ಟನ್ನು ಪುನಃ ಮೇಲೇರಿ ಹೊಗೆಯನ್ನು ಹೊರದೂಡುವುದು. ನಾಲ್ಕರಲ್ಲಿ ದುಡಿಮೆಯ ನಡೆ ಒಂದೇ. ಉಳಿದ ಮೂರೂ ಅದರ ಸಂಪಾದನೆಯಲ್ಲಿ ಬದುಕುವ ಬಂಧುಗಳು! ಆ ಮೂರನ್ನು ದಾಟಿಸಲು ಅಚ್ಚಿನ ತುದಿಯಲ್ಲಿ ಭಾರವಾದ ಗಾಲಿಯೊಂದುಂಟು. ಕೋಲನ್ನು ತೆಗೆದ ಮೇಲೂ ಕುಂಬಾರನ ತಿಗರಿ ಸುತ್ತುತ್ತಿರುವಂತೆ ಇದೂ ತನ್ನ ವೇಗದಿಂದಲೇ ಸುತ್ತುವುದು. ಅಲ್ಲದೆ ನಾಲ್ಕು ಸಿಲಿಂಡರುಗಳು ಸರದಿಯಿಂದ ಉರಿಯುವುದರಿಂದ ಒಂದಿಲ್ಲೊಂದು ಯಾವಾಗಲೂ ದುಡಿಯುತ್ತಿರುವುದು. ಅಚ್ಚು ನಿಮಿಷಕ್ಕೆ 1600 ಸುತ್ತು ತಿರುಗುವಾಗ ಈ ಎಂಜಿನ್ನು 20 ಕುದುರೆಗಳ ಶಕ್ತಿಯನ್ನು ಕೊಡುವುದು. ಆಗ ಒಳಗೆ ನಿಮಿಷಕ್ಕೆ 3200 ಸಲ ಬೆಂಕಿ ಹೊತ್ತಿಕೊಳ್ಳುತ್ತಿರುವುದು.

ಒಳಬರುವ ದಾರಿಯನ್ನೂ ಹೊರಹೋಗುವ ದಾರಿಯನ್ನೂ ತೆರೆದು ಮುಚ್ಚಲು ಸಿಲಿಂಡರಿಗೆ ಎರಡರಂತೆ ಕವಾಟಗಳಿವೆ. ಅವುಗಳನ್ನು ಎತ್ತುವ ಅಚ್ಚು ದೊಡ್ಡ ಅಚ್ಚಿನ ಅರ್ಧ ವೇಗದಲ್ಲಿ ತಿರುಗುವುದು.

ಉರಿದ ಪೆಟ್ರೋಲಿನ ಶಾಖದಲ್ಲಿ ಕಾಲು ಪಾಲೂ ಕೆಲಸಕ್ಕೆ ಒದಗದು. ಮಿಕ್ಕುದರಲ್ಲಿ ಒಂದಂಶ ಹೊಗೆಯೊಡನೆ ಹೋಗುವುದು, ಇನ್ನೊಂದಂಶ ಲೋಹವನ್ನು ಕಾಯಿಸುವುದು. ಆದುದರಿಂದಲೇ ಸಿಲಿಂಡರುಗಳ ಸುತ್ತ ನೀರನ್ನು ತುಂಬಿರುವರು. ಕಾದ ನೀರು ತಾನಾಗಿಯೇ ಮೇಲೇರಿ ರೇಡಿಯೇಟರಿಗೆ ಹೋಗಿ, ತಣಿದು ಕೆಳಗಿನಿಂದ ಹಿಂದಿರುಗುವುದು. ಮೊದಮೊದಲಿನ ಕೆಲವು ಬಂಡಿಗಳನ್ನುಳಿದು ಮಿಕ್ಕುವಕ್ಕೆ ಇದಕ್ಕಾಗಿ ಪಂಪನ್ನೇ ಇಡಲಿಲ್ಲ. ಎಣ್ಣೆಯ ವ್ಯವಸ್ಥೆಯೂ ಇಷ್ಟೇ ಸರಳ. ತಿರುಗುವ ಗಾಲಿ ತಳದ ಎಣ್ಣೆಯನ್ನು ಎರಚುವುದು. ಎಣ್ಣೆ ಎಷ್ಟಿದೆಯೆಂದು ತಿಳಿಯಲು ಬಂಡಿಯ ಕೆಳಗೆ ಬಗ್ಗಿ ಎರಡು ಪುಟ್ಟ ನಲ್ಲಿಗಳನ್ನು ತಿರುಗಿಸಬೇಕಾಗಿದ್ದಿತು. ಕೆಳಗಿನ ನಲ್ಲಿಯಲ್ಲಿಯೂ ಎಣ್ಣೆ ಬಾರದಿದ್ದರೆ ಎಂಜಿನ್ನನ್ನು ನಡೆಯಿಸಬಾರದು. ಒಣ ಲೋಹಕ್ಕೆ ಲೋಹ ಉಜ್ಜಿ, ಕಾದು, ಕಚ್ಚಿಕೊಂಡು ಯಂತ್ರವೇ ಹಾಳಾಗುವುದು.

ಕಿಡಿಯ ವಿಚಾರವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆನು. ಅದು ಚಾಲಕನ ತೋಳಿನ ಕ್ಷೇಮಕ್ಕೆ ಸಂಬಂಧಿಸಿದುದು. ಮಿಶ್ರಣವು ಉರಿಯಲು ಕ್ಷಣಾಂಶವಾದರೂ ಬೇಕಷ್ಟೆ. ಎಂಜಿನ್ನು ವೇಗವಾಗಿ ಓಡುವಾಗ, ಪಿಸ್ಟನ್ನು ತುದಿಯನ್ನು ಮುಟ್ಟುವುದಕ್ಕೆ ಮುಂಚೆಯೇ ಕಿಡಿ ಹಾರಬೇಕು; ಕೈಯಿಂದ ತಿರುಗಿಸಿ ಹೊರಡಿಸುವಾಗ ಮುಟ್ಟಿದ ಮೇಲೆ ಹಾರಬೇಕು. ಇದಕ್ಕಾಗಿ ಚುಕ್ಕಾಣಿಯ ಚಕ್ರದ ಕೆಳಗೆ ಎಡಗಡೆ ಒಂದು ಹಿಡಿಯಿದ್ದಿತು. ಅದನ್ನು ಮೇಲಕ್ಕೆ ಸರಿಸಲು ಮರೆತು ಮುಂದಿನ ಕೈಹಿಡಿಯನ್ನು ತಿರುಗಿಸಿದರೆ, ಏರುತ್ತಿರುವ ಪಿಸ್ಟನ್ನು ನಡುದಾರಿಯಲ್ಲಿಯೇ ಹಿಂದಕ್ಕೆ ತಳ್ಳಲ್ಪಡುವುದು. ಕೈಹಿಡಿಯೂ ರಭಸದಿಂದ ಹಿಂದಕ್ಕೆ ಸುತ್ತಿ ಮಣಿಕಟ್ಟನ್ನು ಮುರಿಯುವುದು. ಹೀಗೆ ಕೈಮುರಿದುಕೊಂಡವರು ಅನೇಕರು. ಬಲ್ಲವರು ಎಡಗೈಯಿಂದಲೇ ಹಿಡಿದು, ಹೆಬ್ಬೆರಳನ್ನು ಸುತ್ತಿಸದೆ ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಟ್ಟು, ಮೇಲಕ್ಕೆ ಎಳೆಯುತ್ತಿದ್ದರು, ಒತ್ತುತ್ತಿರಲಿಲ್ಲ. 1912ರ ಕ್ಯಾಡಿಲಾಕ್ ಬಂಡಿಗಳಲ್ಲಿ ವಿದ್ಯುತ್ತಿನ ಸ್ಟಾರ್ಟರು ಬಂದಿತು. ಫೋರ್ಡಿನವರು ಅದನ್ನು ಮಾಡೆಲ್ ಟಿಗೆ ಕೊಟ್ಟುದು 1919ರಲ್ಲಿ. ಆಮೇಲೂ ಮುಂದಿನ ಕೈಹಿಡಿಯನ್ನು ಮಾತ್ರ ಅವರು ಕಡೆಯ ಬಂಡಿಯವರೆಗೆ ತೆಗೆಯಲಿಲ್ಲ.