ಹೊಸ ಗ್ರಾಹಕರ ಶೋಧ: ಸ್ವತಂತ್ರ ಕಸುಬುದಾರರಿಗೆ ಕೆಲವು ವಿಚಾರಗಳು

ಲೆಕ್ಕಪತ್ರ ಬರೆಯುವವರು, ಯಂತ್ರಭಾಗಗಳ ನಕ್ಷೆ ತೆಗೆಯುವವರು, ಮೋಟಾರ್ ರಿವೈಂಡಿಂಗ್ ಮಾಡುವವರು, ಅಕ್ಕಿ ಚೀಲಗಳಿಗೆ ವಿನ್ಯಾಸ ರೂಪಿಸುವವರು, ಒಂದೇ ಲೇಥ್ ಇಟ್ಟುಕೊಂಡು ಜಾಬ್ ವರ್ಕ್ ನಡೆಸುವವರು ಯಾರ ಸಂಬಳವನ್ನೂ ಪಡೆಯದೆ ಸ್ವಂತ ಕಸುಬನ್ನೇ ನಂಬಿ ಬದುಕುವವರು. ಇಂಥವರ ಪೈಕಿ ಬಹುತೇಕರಿಗೆ ಇರುವ ದೊಡ್ಡ ಅಪಾಯ ಕೆಲಸದ ಕೊರತೆಯಲ್ಲ; ಒಬ್ಬನೇ ಗ್ರಾಹಕನನ್ನು ನೆಚ್ಚಿಕೊಂಡಿರುವುದು. ಆತ ಕೈಬಿಟ್ಟ ದಿನ ಹುಡುಕಾಟ ಆರಂಭಿಸಿದರೆ ದರ ನಿರ್ಧರಿಸುವ ಶಕ್ತಿ ನಮ್ಮಲ್ಲಿ ಉಳಿದಿರುವುದಿಲ್ಲ. ಆದುದರಿಂದ ಕೈತುಂಬ ಕೆಲಸವಿರುವಾಗಲೇ ಹೊಸ ಗ್ರಾಹಕರನ್ನು ಅರಸಬೇಕು.

ಈ ಮಾತಿಗೆ ಕೊಪ್ಪಳ ತಾಲ್ಲೂಕಿನ ಕಿನ್ನಾಳವೇ ನಿದರ್ಶನ. ಅಲ್ಲಿಯ ಚಿತ್ರಗಾರರ ಕಲೆ ಅರಸರ, ದೇಸಾಯರ ಹಾಗೂ ದೇವಸ್ಥಾನಗಳ ಆಶ್ರಯದಲ್ಲಿ ಬೆಳೆಯಿತು. ಆಶ್ರಯ ಕ್ಷೀಣಿಸಿದಾಗ ಕುಶಲತೆ ಹಾಗೆಯೇ ಇದ್ದರೂ ಕೊಳ್ಳುವವರು ಉಳಿಯಲಿಲ್ಲ. ಹಗುರ ಮರದ ಗೊಂಬೆಗಳು, ದೇವರ ಮೂರ್ತಿಗಳು ಸರ್ಕಾರದ ಕಾವೇರಿ ಮಳಿಗೆಗಳು ಮತ್ತು ಕರಕುಶಲ ಮೇಳಗಳ ಮೂಲಕ ದೂರದ ನಗರಗಳನ್ನು ತಲುಪಿದವು. ಮುಂದೆ ಕಿನ್ನಾಳ ಆಟಿಕೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು. ಕೌಶಲ್ಯವೊಂದೇ ಗ್ರಾಹಕರನ್ನು ಕರೆತರುವುದಿಲ್ಲವೆಂಬುದೇ ಇದರ ಪಾಠ.

ನಮ್ಮ ತಾಲ್ಲೂಕುಗಳ ವಹಿವಾಟು ಒಂದೇ ಬಗೆಯದಲ್ಲ ಎಂಬುದು ಸ್ವತಂತ್ರ ಕಸುಬುದಾರರಿಗೆ ಅನುಕೂಲಕರ ಸಂಗತಿ. ಗಂಗಾವತಿಯ ಅಕ್ಕಿ ಗಿರಣಿಗಳ ಒತ್ತಡ ತುಂಗಭದ್ರಾ ಕಾಲುವೆಯ ನೀರು ಹಾಗೂ ಭತ್ತದ ಸುಗ್ಗಿಯನ್ನು ಅವಲಂಬಿಸಿದೆ. ಕೊಪ್ಪಳದ ಸಮೀಪದ ಗಿಣಿಗೇರಾ ಭಾಗದ ಉಕ್ಕಿನ ಕಾರ್ಖಾನೆಗಳು ಋತುಮಾನ ನೋಡುವುದಿಲ್ಲ. ಕುಷ್ಟಗಿಯವರಿಗೆ ಪಕ್ಕದಲ್ಲಿಯೇ ಇಳಕಲ್ಲಿನ ಸೀರೆ ಮತ್ತು ಗ್ರಾನೈಟ್ ವ್ಯಾಪಾರವಿದೆ. ಯಲಬುರ್ಗಾ ಕಡೆಯವರಿಗೆ ಭಾನಾಪುರದಲ್ಲಿ 2020ರಲ್ಲಿ ಘೋಷಿತವಾದ ಆಟಿಕೆ ಕ್ಲಸ್ಟರ್ ಹತ್ತಿರವಿದೆ. ಗಿರಣಿಯ ಕೆಲಸ ಮಾಡುವವರು ಸುಗ್ಗಿಯಲ್ಲದ ತಿಂಗಳುಗಳಿಗೆ ಬೇರೆ ಉದ್ಯಮದ ಒಬ್ಬ ಗ್ರಾಹಕನನ್ನಾದರೂ ಸಂಪಾದಿಸಿಕೊಂಡರೆ ವರ್ಷದ ಆದಾಯ ಸಮನಾಗುತ್ತದೆ.

ಹೊಸಬರನ್ನು ತಲುಪುವ ಅತ್ಯಂತ ಹತ್ತಿರದ ದಾರಿ ಹಳೆಯ ಗ್ರಾಹಕರೇ. ಕೆಲಸ ಒಪ್ಪಿಸಿ, ಅವರು ಸಂತೋಷದಿಂದಿರುವ ಸಂದರ್ಭದಲ್ಲಿಯೇ, "ನಿಮ್ಮ ಪರಿಚಯದ ಯಾರಿಗಾದರೂ ಈ ಕೆಲಸ ಬೇಕಾಗಿದ್ದರೆ ತಿಳಿಸಿರಿ" ಎಂದು ಕೇಳುವುದರಲ್ಲಿ ಸಂಕೋಚ ಸಲ್ಲದು. ಎರಡನೆಯದಾಗಿ, "ಎಲ್ಲ ಕೆಲಸವನ್ನೂ ಮಾಡುತ್ತೇವೆ" ಎನ್ನುವ ಬದಲು ಒಂದು ನಿರ್ದಿಷ್ಟ ಕೆಲಸವನ್ನು ಹೆಸರಿಸಬೇಕು. "ಸುಗ್ಗಿಗೆ ಮುಂಚೆ ಗಿರಣಿಯ ಮೋಟಾರುಗಳನ್ನೆಲ್ಲ ಪರೀಕ್ಷಿಸಿ ವರದಿ ಕೊಡುತ್ತೇವೆ" ಎಂಬ ಮಾತು ಗಿರಣಿ ಮಾಲೀಕರ ನೆನಪಿನಲ್ಲಿ ಉಳಿಯುತ್ತದೆ. ಮೂರನೆಯದಾಗಿ, ಕೊಟೇಷನ್ ಲಿಖಿತವಾಗಿರಲಿ. ಕೆಲಸದ ವ್ಯಾಪ್ತಿ, ದರ, ಮುಂಗಡ, ಮುಗಿಸುವ ದಿನಾಂಕ, ಹಣ ಪಾವತಿಯ ಗಡುವು ಇವಿಷ್ಟು ಅದರಲ್ಲಿರಬೇಕು.

ಹೊಸ ಗ್ರಾಹಕ ದೊರೆತರೂ ಹಣ ಬಾರದಿದ್ದರೆ ಪ್ರಯೋಜನವಿಲ್ಲ. ಉದ್ಯಮ್ ನೋಂದಣಿಯನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಕೊಳ್ಳುವುದು ಲೇಸು. 2006ರ ಎಂಎಸ್ಎಂಇಡಿ ಕಾಯ್ದೆಯಂತೆ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಯಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತದೆ. ತಯಾರಿಕೆ ಮತ್ತು ಸೇವೆಯಲ್ಲಿ ತೊಡಗಿದವರಿಗೆ ಈ ರಕ್ಷಣೆಯುಂಟು. ಕೇವಲ ಕೊಂಡು ಮಾರುವ ವ್ಯಾಪಾರಕ್ಕೆ ಇದು ಅನ್ವಯಿಸದು. ಇನ್ನು ಹೈದರಾಬಾದ್ ಅಥವಾ ಸೊಲ್ಲಾಪುರದ ಗ್ರಾಹಕರೆಂದರೆ ಜಿಎಸ್‌ಟಿಗೆ ಹೆದರಿ ಹಿಂಜರಿಯುವವರಿದ್ದಾರೆ. ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದ ಸೇವಾದಾರರಿಗೆ ಹೊರರಾಜ್ಯದಲ್ಲಿ ಸೇವೆ ನೀಡಿದ ಕಾರಣಕ್ಕಾಗಿಯೇ ನೋಂದಣಿ ಕಡ್ಡಾಯವೆಂಬ ನಿಯಮ 2017ರ ಅಕ್ಟೋಬರ್‌ನಲ್ಲಿಯೇ ಸಡಿಲಗೊಂಡಿದೆ.

ವರ್ತಕ ಬಾಂಧವರಲ್ಲಿಯೂ ಒಂದು ಅರಿಕೆ. ಸುಗ್ಗಿಯ ನಡುವೆ ಯಂತ್ರ ಕೆಟ್ಟು ನಿಂತಾಗ ಧಾವಿಸಿ ಬರುವವರು ಈ ಸ್ಥಳೀಯ ಕಸುಬುದಾರರೇ. ಅವರು ನಮ್ಮೊಬ್ಬರ ಕೆಲಸದಿಂದಲೇ ಇಲ್ಲಿ ನೆಲೆ ನಿಲ್ಲಲಾರರು. ಅವರ ಬಿಲ್ಲನ್ನು ಸಕಾಲದಲ್ಲಿ ಪಾವತಿಸಿ, ನೆರೆಯ ಅಂಗಡಿಯವರಿಗೂ ಗಿರಣಿಯವರಿಗೂ ಅವರನ್ನು ಪರಿಚಯಿಸಿದರೆ, ಮುಂದಿನ ಸುಗ್ಗಿಗೂ ಅವರು ನಮ್ಮೂರಿನಲ್ಲಿಯೇ ದೊರೆಯುತ್ತಾರೆ.