ಬೆಳ್ಳಿಗೆ ‘ಟೀಂಕ್’, ಕಬ್ಬಿಣಕ್ಕೆ ‘ಗೊರ್’!

ಒಂದು ಪ್ರಶ್ನೆ. ಯೋಚಿಸಬೇಡಿ, ಥಟ್ಟನೆ ಹೇಳಿ!

ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಸುತ್ತಲಿನ ಮಣ್ಣಿನಲ್ಲಿ ಒಂದೇ ಒಂದು ಲೋಹದ ವಸ್ತು ಸಿಗುವುದಾದರೆ, ಏನು ಸಿಗಲಿ ಎನ್ನುತ್ತೀರಿ?

ಚಿನ್ನದ ನಾಣ್ಯ! ಅಲ್ಲವೇ? ನೂರಕ್ಕೆ ತೊಂಬತ್ತು ಮಂದಿ ಹೇಳುವುದು ಇದನ್ನೇ. ತಪ್ಪೂ ಅಲ್ಲ ಬಿಡಿ. ಆ ನಾಣ್ಯವೇನು ಸಾಮಾನ್ಯದ್ದೇ? ಹೊಯ್ಸಳ ದೊರೆ ವಿಷ್ಣುವರ್ಧನನ ಗದ್ಯಾಣ! ತೂಕ ಹೆಚ್ಚುಕಡಿಮೆ 4 ಗ್ರಾಂ. ಒಂದು ಮಗ್ಗುಲಲ್ಲಿ ಸಿಂಹ. ಇನ್ನೊಂದು ಮಗ್ಗುಲಲ್ಲಿ ಕನ್ನಡದ ಅಕ್ಷರಗಳು: ಶ್ರೀ ತಳಕಾಡುಗೊಂಡ! ಚೋಳರಿಂದ ತಲಕಾಡನ್ನು ಕಿತ್ತುಕೊಂಡ ಸುದ್ದಿಯನ್ನು ದೊರೆ ಚಿನ್ನದ ಮೇಲೆ ಟಂಕಿಸಿ ಕೈಯಿಂದ ಕೈಗೆ ದಾಟಿಸಿದ್ದ!

ಆದರೂ ನನ್ನ ಓಟು ಅದಕ್ಕಲ್ಲ. ನನ್ನ ಆಸೆಯ ವಸ್ತುವಿಗೆ ಯಾವ ಚಿನಿವಾರನೂ ಒಂದು ಪೈಸೆ ಕೊಡಲಾರ. ಗುಜರಿಯವರು ತಕ್ಕಡಿಗೆ ಹಾಕಲೂ ಒಪ್ಪಲಾರರು. ಏನಿರಬಹುದು? ಊಹಿಸುತ್ತಿರಿ. ಉತ್ತರಕ್ಕೆ ಮೊದಲು, ನೆಲದಡಿಯ ಲೋಹ ಹುಡುಕುವ ಯಂತ್ರವನ್ನು ನೋಡಿಬಿಡೋಣ ಬನ್ನಿ!

ಮೆಟಲ್ ಡಿಟೆಕ್ಟರ್. ಒಂದು ಉದ್ದನೆಯ ಕೋಲು. ಕೋಲಿನ ತುದಿಗೆ ತಟ್ಟೆಯಂಥದ್ದು. ಕಿವಿಗೊಂದು ಹೆಡ್‌ಫೋನ್. ಇಷ್ಟೇ!

ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿ ಇದೆ. ಅದರಲ್ಲಿ ವಿದ್ಯುತ್ ಹರಿಸಿದರೆ ಕಾಂತಕ್ಷೇತ್ರ ಹುಟ್ಟಿ ನೆಲದೊಳಕ್ಕೆ ಇಳಿಯುತ್ತದೆ. ಮಣ್ಣನ್ನು ದಾಟುತ್ತದೆ. ಕಲ್ಲನ್ನು ದಾಟುತ್ತದೆ. ಲೋಹ ಸಿಕ್ಕಿತೋ, ನಡೆಯುತ್ತದೆ ನೋಡಿ ಪವಾಡ! ಶತಮಾನಗಟ್ಟಲೆ ಸುಮ್ಮನೆ ಬಿದ್ದಿದ್ದ ಆ ಚೂರಿನ ಮೈಯಲ್ಲಿ ವಿದ್ಯುತ್ತಿನ ಪುಟ್ಟ ಪುಟ್ಟ ಸುಳಿಗಳು ಏಳುತ್ತವೆ! ಆ ಸುಳಿಗಳು ತಮ್ಮದೇ ಕಾಂತಕ್ಷೇತ್ರವನ್ನು ಮೇಲಕ್ಕೆ ಕಳಿಸುತ್ತವೆ. ಕೋಲಿನ ತುದಿ ಅದನ್ನು ಹಿಡಿಯುತ್ತದೆ. ಬೀಪ್!

ಆ ಸುಳಿಗಳ ಆಯುಷ್ಯ ಎಷ್ಟು ಗೊತ್ತೇ? ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿ. ಸಣ್ಣ ನಾಣ್ಯವಾದರೆ ಅದರಲ್ಲಿ ಕೆಲವೇ ಹತ್ತು ಭಾಗ! ನೀವು ಕಣ್ಣು ಮಿಟುಕಿಸುವುದಕ್ಕೇ ಅಂಥ ಒಂದು ಲಕ್ಷಕ್ಕೂ ಹೆಚ್ಚು ಭಾಗಗಳು ಬೇಕು. ಅಷ್ಟರಲ್ಲಿ ಈ ಯಂತ್ರ ಕೂಗಿ, ಕಾದು, ಮಾರುತ್ತರ ಕೇಳಿ ಮುಗಿಸಿರುತ್ತದೆ!

ಇನ್ನೊಂದು ಸವಾಲು. ನಾಣ್ಯ ಈಗಿರುವುದಕ್ಕಿಂತ ಎರಡು ಪಟ್ಟು ಆಳಕ್ಕೆ ಇಳಿದರೆ ಅದರ ಉತ್ತರ ಎಷ್ಟು ಕ್ಷೀಣವಾಗುತ್ತದೆ? ಅರ್ಧ? ಕಾಲು? ಇಲ್ಲ ಇಲ್ಲ! ಹೋಗುವಾಗ ಕ್ಷೇತ್ರ ಎಂಟರಲ್ಲಿ ಒಂದು ಪಾಲಾಗುತ್ತದೆ. ಬರುವಾಗ ಮತ್ತೆ ಎಂಟರಲ್ಲಿ ಒಂದು ಪಾಲು. ಎಂಟೆಂಟ್ಲ ಅರವತ್ನಾಲ್ಕು! ಸುಮಾರು 64ರಲ್ಲಿ ಒಂದೇ ಒಂದು ಪಾಲು ಉಳಿಯುತ್ತದೆ!

ಅದಕ್ಕೇ ಒಂಟಿ ನಾಣ್ಯವನ್ನು ಸಾಧಾರಣ ಯಂತ್ರ ಕೇಳಿಸಿಕೊಳ್ಳುವುದು ಗೇಣುದ್ದದ ಆಳದವರೆಗೆ. ವಸ್ತು ದೊಡ್ಡದಾದರೆ ಇನ್ನೂ ಸ್ವಲ್ಪ ಕೆಳಕ್ಕೆ. ಹತ್ತು ಮೀಟರ್ ಆಳದ ನಾಣ್ಯ ತೋರಿಸುವ ಯಂತ್ರವಿದೆ ಎಂದು ಯಾರಾದರೂ ಮಾರಲು ಬಂದರೆ ದಯವಿಟ್ಟು ಬಾಗಿಲು ಹಾಕಿಕೊಳ್ಳಿ!

ಗೇಣು ಆಳ ಎಂದರೆ ಏನು ಮಹಾ ಎನ್ನುತ್ತೀರಾ? 1980ರಲ್ಲಿ ಆಸ್ಟ್ರೇಲಿಯದ ಕಿಂಗೋವರ್‌ನಲ್ಲಿ ಡಿಟೆಕ್ಟರ್ ಒಂದು ಕಡೆ ಕಿರುಚಿತು. ಅಗೆದರೆ ಅಡಿಯಷ್ಟು ಕೆಳಗೆ ಚಿನ್ನದ ಒಂದೇ ಗಟ್ಟಿ! ತೂಕ? 27 ಕಿಲೋ!

ಈ ಯಂತ್ರದ ಹಿಂದಿರುವ ದೊಡ್ಡ ಹೆಸರು ಯಾರದ್ದು ಗೊತ್ತೇ? ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್! 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡು ತಗುಲಿತು. ಗುಂಡು ದೇಹದೊಳಗೆ ಎಲ್ಲಿದೆ? ವೈದ್ಯರಿಗೆ ತಿಳಿಯದು. ಬೆಲ್ ಲೋಹ ಹುಡುಕುವ ಯಂತ್ರ ಕಟ್ಟಿ ಓಡೋಡಿ ಬಂದ. ಯಂತ್ರ ಎಲ್ಲಿಟ್ಟರೂ ಗುಂಯ್ ಎನ್ನುತ್ತಿದೆ! ಏಕೆ? ರೋಗಿ ಮಲಗಿದ್ದ ಹಾಸಿಗೆಯೊಳಗೆ ಉಕ್ಕಿನ ತಂತಿಗಳು! ಸಾಲದ್ದಕ್ಕೆ ವೈದ್ಯರು ಹುಡುಕಲು ಬಿಟ್ಟದ್ದು ಬಲಮಗ್ಗುಲು. ಗುಂಡು ಇದ್ದದ್ದು ಎಡಕ್ಕೆ. ಅಧ್ಯಕ್ಷ ಉಳಿಯಲಿಲ್ಲ. ಯಂತ್ರ ಉಳಿಯಿತು! 1942ರಲ್ಲಿ ಎಲ್ ಅಲಮೇನ್ ಮರುಭೂಮಿಯ ನೆಲಬಾಂಬುಗಳ ನಡುವೆ ಸೈನಿಕರಿಗೆ ದಾರಿ ತೋರಿದ್ದು ಪೋಲೆಂಡಿನ ಯೂಜೆಫ್ ಕೊಸಾಟ್‌ಸ್ಕಿ ರೂಪಿಸಿದ ಡಿಟೆಕ್ಟರ್‌ಗಳು!

ಈಗ ಯಂತ್ರ ಹಿಡಿದು ಕಡಲಿಗೆ ಹೋಗೋಣ. ಮಲ್ಪೆಯಲ್ಲೇ ನಿಂತಿದ್ದೇವೆ ಎಂದುಕೊಳ್ಳಿ. ಒಣಮರಳಲ್ಲಿ ಸಾಧಾರಣ ಡಿಟೆಕ್ಟರ್ ಜಾಣ. ಒದ್ದೆ ಮರಳಿಗೆ ಕಾಲಿಟ್ಟಿರೋ, ಅದಕ್ಕೆ ತಲೆ ಕೆಡುತ್ತದೆ! ಉಪ್ಪುನೀರಲ್ಲಿ ವಿದ್ಯುತ್ ಹರಿಯುತ್ತದೆ. ಹಾಗಾಗಿ ಇಡೀ ಅರಬ್ಬೀ ಸಮುದ್ರವೇ ಒಂದು ಲೋಹವೆಂದು ಯಂತ್ರ ನಂಬಿಬಿಡುತ್ತದೆ!

ಉಪಾಯ? ಪಲ್ಸ್ ಇಂಡಕ್ಷನ್ ಎಂಬ ಬಗೆಯ ಯಂತ್ರ. ಸೆಕೆಂಡಿಗೆ ನೂರಾರು ಸಲ ಮಿಡಿಯುತ್ತದೆ. ಪ್ರತಿ ಮಿಡಿತದ ಬಳಿಕ ಒಂದಿಷ್ಟೇ ಇಷ್ಟು ಕಾಯುತ್ತದೆ. ಉಪ್ಪುನೀರಿನ ಸುಳಿ ಬೇಗ ಸಾಯುತ್ತದೆ. ಲೋಹದ ಸುಳಿ ಇನ್ನೂ ಬದುಕಿರುತ್ತದೆ. ಆ ಗಳಿಗೆಯಲ್ಲಿ ಕಿವಿ ತೆರೆದರೆ ಕಡಲು ಮೌನ, ಉಂಗುರ ಮಾತ್ರ ಕೂಗುತ್ತದೆ! ಎಂಥ ಚಾತುರ್ಯ!

ಕೈಚಳಕವೂ ಬೇಕು. ಇಳಿತದ ಹೊತ್ತು ನೋಡಿ ಹೋಗಬೇಕು. ತಟ್ಟೆ ನೆಲಕ್ಕೆ ಸಮನಾಗಿ, ಬಲು ನಿಧಾನ ಆಡಬೇಕು. ಒಂದು ಬೀಸು ಹಿಂದಿನ ಬೀಸಿನ ಅಂಚನ್ನು ಮುಚ್ಚುತ್ತಿರಬೇಕು. ಸದ್ದು ಬಂದರೆ ಅಡ್ಡಕ್ಕೂ ಉದ್ದಕ್ಕೂ ಬೀಸಿ, ಎರಡೂ ಗೆರೆ ಕೂಡುವ ಕಡೆ ತೂತಿನ ಸಲಿಕೆ ಇಳಿಸಬೇಕು. ಮರಳು ಸೋರಿ ಹೋಗುತ್ತದೆ, ವಸ್ತು ಉಳಿಯುತ್ತದೆ.

ಈಗ ಕಿವಿಗೊಡಿ, ಇದೇ ಕಥೆಯ ತಿರುವು! ಬೆಲೆಯುಳ್ಳ ಯಂತ್ರಗಳು ಲೋಹ ಯಾವುದೆಂದು ದನಿಯಲ್ಲೇ ಹೇಳಲು ನೋಡುತ್ತವೆ. ಬೆಳ್ಳಿಗೆ ‘ಟೀಂಕ್’ ಎಂಬ ಏರುದನಿ. ಕಬ್ಬಿಣಕ್ಕೆ ‘ಗೊರ್’ ಎಂಬ ತಗ್ಗುದನಿ. ಸಣ್ಣ ಚಿನ್ನದೊಡವೆಗೆ? ಅದರ ದನಿ ತೀರ ಹೋಲುವುದು ಯಾವುದರ ದನಿಯನ್ನು? ಚಾಕೊಲೇಟು ಸುತ್ತಿದ ಬೇಗಡೆ ಕಾಗದದ ದನಿಯನ್ನು! ಕಸ ಬೇಡವೆಂದು ಬೇಗಡೆಯ ದನಿ ಅಡಗಿಸಿದವರು ಮೂಗುತಿಯನ್ನೂ ಕಳೆದುಕೊಂಡರು!

ಹೆಚ್ಚಿನ ಹವ್ಯಾಸಿಗಳು ಯಂತ್ರ ಕೈಗೆ ಬಂದ ಕೂಡಲೇ ಅಡಗಿಸುವ ದನಿ ಇನ್ನೊಂದಿದೆ. ಕಬ್ಬಿಣದ ‘ಗೊರ್’. ಮೊಳೆ, ಲಾಳ, ತುಕ್ಕು ಯಾರಿಗೆ ಬೇಕು? ಒಂದು ಗುಂಡಿ ಒತ್ತಿದರೆ ಕಬ್ಬಿಣವೆಲ್ಲ ಮೂಕ!

ಅಯ್ಯೋ, ಒತ್ತಬೇಡಿ! ಏಕೆಂದು ತಿಳಿಯಲು ಶಿವಮೊಗ್ಗ ಜಿಲ್ಲೆಗೆ ಬನ್ನಿ.

ಹೊಸನಗರ ತಾಲ್ಲೂಕಿನ ನಗರ. ಕೆಳದಿ ಅರಸರ ಹಳೆಯ ಬಿದನೂರು. ಪಾಳುಬಿದ್ದ ಒಂದು ಬಾವಿ. ಆ ಬಾವಿಯ ಮಣ್ಣಿಗೆ ಏನೋ ವಾಸನೆ. ಯಾವ ವಾಸನೆ? ಮದ್ದಿನ ವಾಸನೆ! 2018ರ ಜುಲೈಯಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ಅಲ್ಲಿ ಅಗೆದರು. ಒಂದು ಕಬ್ಬಿಣದ ಕೊಳವೆ. ಹತ್ತು. ನೂರು. ಅಗೆದಷ್ಟೂ ಮುಗಿಯುತ್ತಿಲ್ಲ! ಎಷ್ಟಾಯಿತು ಹೇಳಿ? ಸಾವಿರಕ್ಕೂ ಹೆಚ್ಚು! ಟಿಪ್ಪು ಕಾಲದ ಯುದ್ಧ ರಾಕೆಟ್‌ಗಳು! 23ರಿಂದ 26 ಸೆಂಟಿಮೀಟರ್ ಉದ್ದ. ಒಳಗೆ ಮದ್ದು ಇನ್ನೂ ತುಂಬಿತ್ತು! ಬ್ರಿಟಿಷರನ್ನು ನಡುಗಿಸಿ, ಅವರ ಕಾಂಗ್ರೀವ್ ರಾಕೆಟ್ಟಿಗೆ ಸ್ಫೂರ್ತಿಯಾದ ಮೈಸೂರು ರಾಕೆಟ್ಟು ಒಂದು ಬಾವಿಯಲ್ಲಿ ಮಲಗಿತ್ತು!

ಎಲ್ಲವೂ ಕಬ್ಬಿಣ. ಗೊರ್! ಚಿನ್ನವನ್ನಷ್ಟೇ ಹುಡುಕುವವನ ಹೆಡ್‌ಫೋನಿನಲ್ಲಿ ಆ ಬಾವಿ ಸದ್ದೇ ಮಾಡುತ್ತಿರಲಿಲ್ಲ!

ಬನ್ನಿ, ಹಳೇಬೀಡಿಗೆ ಮರಳೋಣ. ಊಹಿಸಿದಿರಾ?

ನನಗೆ ಬೇಕಾದದ್ದು ಒಂದು ಉಳಿ! ಮುರಿದ ಉಳಿಯ ತುದಿಯಾದರೂ ಸಾಕು!

ಯೋಚಿಸಿ. ಹೊಯ್ಸಳೇಶ್ವರದ ಕೆಲಸ ಆರಂಭವಾದದ್ದು ಸುಮಾರು 1121ರಲ್ಲಿ. ಆನೆಗಳ ಸಾಲು, ಸಿಂಹಗಳ ಸಾಲು, ಬಳ್ಳಿಗಳ ಸಾಲು, ಕುದುರೆಗಳ ಸಾಲು! ಅವುಗಳ ಮೇಲೆ ರಾಮಾಯಣ, ಮಹಾಭಾರತ! ಅದರ ಮೇಲೆ ದೊಡ್ಡ ದೊಡ್ಡ ದೇವತೆಗಳು, ಅವರ ಕೊರಳ ಹಾರದ ಒಂದೊಂದು ಮಣಿಯೂ ಬೇರೆ ಬೇರೆ! ಗಣಿಯಿಂದ ಬಂದ ಬಳಪದ ಕಲ್ಲು ಎಷ್ಟೇ ಮೆತ್ತಗಿದ್ದರೂ ಇಷ್ಟನ್ನು ಕೆತ್ತಿದ್ದು ಲೋಹದ ತುದಿಯೇ ತಾನೆ? ಎಷ್ಟು ಉಳಿಗಳು ಮೊಂಡಾಗಿರಬೇಕು! ಎಷ್ಟು ತುದಿಗಳು ಮುರಿದಿರಬೇಕು!

ನಮಗೆ ಶಿಲ್ಪಿಗಳ ಹೆಸರೂ ಗೊತ್ತು! ಇಲ್ಲಿಂದ 16 ಕಿಲೋಮೀಟರ್ ದೂರದ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಹೆಸರು ಉಳಿಯಿತು. ಕೆಲಸ ಉಳಿಯಿತು. ಕೆಲಸ ಮಾಡಿದ ಉಳಿ ಎಲ್ಲಿ?

ಚಿನ್ನದ ಗತಿ ನಮಗೆ ತಿಳಿದಿದೆ. 1311ರಲ್ಲಿ ದೆಹಲಿಯ ದಂಡನಾಯಕ ಮಲಿಕ್ ಕಾಫೂರ್ ದೋರಸಮುದ್ರದ, ಅಂದರೆ ಇದೇ ಹಳೇಬೀಡಿನ ಮೇಲೆ ಬಿದ್ದ. ಆ ದಕ್ಷಿಣದ ದಂಡಯಾತ್ರೆಯಿಂದ ದೆಹಲಿಗೆ ಹೋದ ಲೂಟಿಯ ಲೆಕ್ಕವನ್ನು ಇತಿಹಾಸಕಾರ ಬರನಿ ಬರೆದಿಟ್ಟಿದ್ದಾನೆ. ಆನೆಗಳು 612. ಕುದುರೆಗಳು 20,000. ಚಿನ್ನ? 96,000 ಮಣ! ಉತ್ಪ್ರೇಕ್ಷೆಯೇ ಇರಲಿ, ಬಿಡಿ. ಅಷ್ಟು ದೋಚಿದವರಲ್ಲಿ ಒಬ್ಬನಾದರೂ ಮೊಂಡು ಉಳಿಯನ್ನು ಮೂಟೆ ಕಟ್ಟಿರುತ್ತಾನೆಯೇ? ಕಬ್ಬಿಣವನ್ನು ಯಾರೂ ದೋಚಲಿಲ್ಲ! ಕುಲುಮೆಗೆ ಮರಳದೆ ನೆಲಕ್ಕೆ ಬಿದ್ದ ಚೂರು, ತುಕ್ಕು ತಿಂದು ಉಳಿದಷ್ಟು, ಇಲ್ಲೇ ಇರಬೇಕು!

ಇದ್ದರೆ ಅದು ಏನು ಹೇಳಬಲ್ಲದು ಗೊತ್ತೇ? ಅಮೆರಿಕದ ಲಿಟಲ್ ಬಿಗ್‌ಹಾರ್ನ್ ನೋಡಿ. 1876ರ ಪ್ರಸಿದ್ಧ ಕದನದ ಬಯಲು. 1983ರಲ್ಲಿ ಅಲ್ಲಿನ ಹುಲ್ಲೆಲ್ಲ ಬೆಂಕಿಗೆ ಸುಟ್ಟುಹೋಯಿತು. ಮರುವರ್ಷ ಪುರಾತತ್ವಜ್ಞರ ತಂಡ ಡಿಟೆಕ್ಟರ್ ಹಿಡಿದು ಸಾಲಾಗಿ ನಡೆಯಿತು. ಸದ್ದು ಬಂದಲ್ಲೆಲ್ಲ ಪುಟ್ಟ ಬಾವುಟ! ಯಾವುದನ್ನೂ ಸುಮ್ಮನೆ ಕೀಳಲಿಲ್ಲ. ಪ್ರತಿಯೊಂದರ ಜಾಗ ನಕ್ಷೆಯಲ್ಲಿ ಕೂತ ಮೇಲೆಯೇ ಕೈ ಹಾಕಿದರು. ಪ್ರತಿ ಬಂದೂಕೂ ತನ್ನ ತೋಟಾದ ಮೇಲೆ ಬೇರೆಯದೇ ಗುರುತು ಒತ್ತುತ್ತದೆ. ಆ ಗುರುತು ಹೊಂದಿಸುತ್ತ ಹೋದರೆ ಒಂದೇ ಬಂದೂಕು ಬಯಲಿನಲ್ಲಿ ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದೇ ಕಣ್ಣಿಗೆ ಕಟ್ಟಿತು! ನೂರು ವರ್ಷದ ಹಿಂದಿನ ಹೆಜ್ಜೆಗಳು!

ಹಳೇಬೀಡಿನಲ್ಲೂ ಹಾಗೆಯೇ ಆಗಬಹುದು! ಉಳಿಯ ಚೂರುಗಳು ಒತ್ತೊತ್ತಾಗಿ ಸಿಕ್ಕ ಜಾಗವೇ ಶಿಲ್ಪಿಗಳ ಕಾರ್ಯಾಗಾರ. ಕಬ್ಬಿಣದ ಕಿಟ್ಟ ಗುಡ್ಡೆಯಾಗಿ ಸಿಕ್ಕ ಜಾಗವೇ ಅವರ ಕುಲುಮೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಗರೇಶ್ವರದ ದಿಬ್ಬಗಳನ್ನು ಅಗೆದಾಗ ಮಣ್ಣಿನಡಿ ದೇಗುಲಗಳ ತಳಪಾಯಗಳೇ ಕಾಣಿಸಿಕೊಂಡವಲ್ಲ! ಈ ಊರಿನ ಮಣ್ಣು ಇನ್ನೂ ಓದಿ ಮುಗಿದಿಲ್ಲ.

ಆದರೆ ಚೂರು ಜಾಗ ಬಿಟ್ಟು ಕದಲಿದರೆ? ಮುಗಿಯಿತು! ಅದು ಬರೀ ತುಕ್ಕು. ನಿಧಿಗಳ್ಳರ ಮೇಲೆ ನನಗೆ ಹೊಟ್ಟೆಯುರಿಯುವುದು ಇದಕ್ಕೇ. ನಂದಿಯನ್ನು ಒಡೆದು, ವೀರಗಲ್ಲನ್ನು ಉರುಳಿಸಿ, ರಾತ್ರೋರಾತ್ರಿ ಗುಂಡಿ ತೋಡುವವರು ಒಯ್ಯುವುದಕ್ಕಿಂತ ಅಳಿಸುವುದೇ ಹೆಚ್ಚು.

ಬೇರೆ ದಾರಿಯೂ ಇದೆ, ಅದು ಎಷ್ಟು ಸೊಗಸು ನೋಡಿ! 1992, ಇಂಗ್ಲೆಂಡಿನ ಹಾಕ್ಸನ್ ಎಂಬ ಹಳ್ಳಿ. ರೈತನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಹುಡುಕಿಕೊಡಲು ಗೆಳೆಯ ಎರಿಕ್ ಲಾಸ್ ಡಿಟೆಕ್ಟರ್ ಹಿಡಿದು ಬಂದ. ಯಂತ್ರ ಕೂಗಿತು. ಸಿಕ್ಕಿದ್ದು ರೋಮನ್ ಕಾಲದ ಚಿನ್ನ, ಬೆಳ್ಳಿ! ಕೆಲವನ್ನಷ್ಟೇ ತೆಗೆದು ಅಲ್ಲಿಗೇ ಕೈ ಬಿಟ್ಟ, ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ. ಮರುದಿನವೇ ಪುರಾತತ್ವಜ್ಞರು ಬಂದರು. ನಾಣ್ಯಗಳೇ 14,865! ಜಾಗ ಕೆಡದೆ ಇದ್ದುದರಿಂದ, ಮರ ಕೊಳೆತುಹೋಗಿದ್ದರೂ ಪೆಟ್ಟಿಗೆಯೊಳಗೆ ಯಾವುದನ್ನು ಎಲ್ಲಿ ಇಟ್ಟಿದ್ದರು ಎಂದು ಹೇಳಲು ಸಾಧ್ಯವಾಯಿತು! ಬಹುಮಾನ 17.5 ಲಕ್ಷ ಪೌಂಡು. ಸುತ್ತಿಗೆ? ಅದೂ ಸಿಕ್ಕಿತು! ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ!

ನಮ್ಮಲ್ಲಿ ಕಾನೂನು ಇನ್ನೂ ಬಿಗಿ. ಸಂರಕ್ಷಿತ ಸ್ಮಾರಕದ ನೆಲದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ನಿಮ್ಮದೇ ಹೊಲದಲ್ಲಿ ನಿಧಿ ಸಿಕ್ಕರೂ ತಿಳಿಸಲೇಬೇಕು. ಎಷ್ಟು ಬೆಲೆ ಮೀರಿದರೆ? 1878ರ ನಿಧಿ ಕಾಯ್ದೆ ಹೇಳುವ ಮೊತ್ತ ಕೇಳಿ: ಹತ್ತು ರೂಪಾಯಿ! ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ.

ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಇನ್ನು ಇದು ಜಗತ್ತೇ ಕಾಯುವ ನೆಲ. ಆದ್ದರಿಂದ ಹಳೇಬೀಡಿನ ಸುತ್ತ ಉಳುವವರೇ, ಪಾಯ ತೋಡುವವರೇ, ಒಂದು ಕೋರಿಕೆ! ನೇಗಿಲಿಗೋ ಗುದ್ದಲಿಗೋ ಹಳೆಯ ಲೋಹ ತಾಗಿದರೆ ಅಲ್ಲೇ ನಿಲ್ಲಿ. ತೊಳೆಯಬೇಡಿ. ಉಜ್ಜಬೇಡಿ. ಇದ್ದ ಹಾಗೆಯೇ ಫೋಟೊ ತೆಗೆಯಿರಿ, ಜಾಗ ಗುರುತಿಡಿ, ತಹಶೀಲ್ದಾರರಿಗೋ ಜಿಲ್ಲಾಧಿಕಾರಿ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಅದು ತುಕ್ಕು ಹಿಡಿದ ಕಬ್ಬಿಣದ ತುಂಡಾಗಿದ್ದರಂತೂ ತಪ್ಪದೆ ತಿಳಿಸಿ!