ಕತ್ತಲಲ್ಲಿದ್ದ ಅಯಾನು ಹೊಳೆದರೆ?

ಕ್ವಾಂಟಮ್ ಕಂಪ್ಯೂಟರ್‌ಗಳ ವೇಗದ ಬಗ್ಗೆ ನಾವು ಆಗಾಗ ಓದುತ್ತೇವೆ. ಆದರೆ ಲೆಕ್ಕ ಮುಗಿದ ಮೇಲೆ ಉತ್ತರ ಓದುವುದು ಹೇಗೆ? ಅಲ್ಲಿ ತಪ್ಪಿದರೆ ಮಾಡಿದ್ದೆಲ್ಲ ನೀರುಪಾಲು.

ಅಯಾನು ಬಳಸುವ ಯಂತ್ರದಲ್ಲಿ ಕ್ಯೂಬಿಟ್ ಎಂದರೆ ನಿರ್ವಾತದಲ್ಲಿ ವಿದ್ಯುತ್ ಕ್ಷೇತ್ರ ಹಿಡಿದಿಟ್ಟ ಒಂದೇ ಒಂದು ಅಯಾನು, ಅಂದರೆ ವಿದ್ಯುದಾವೇಶವಿರುವ ಪರಮಾಣು. ಲೇಸರ್ ಬಿಟ್ಟರೆ ಅದು ಒಂದು ಸ್ಥಿತಿಯಲ್ಲಿ ಹೊಳೆಯುತ್ತದೆ, ಇನ್ನೊಂದರಲ್ಲಿ ಕತ್ತಲಾಗಿಯೇ ಇರುತ್ತದೆ. ಬಂದ ಬೆಳಕಿನ ಕಣಗಳನ್ನು, ಅಂದರೆ ಫೋಟಾನ್‌ಗಳನ್ನು ಎಣಿಸಿ ತೀರ್ಮಾನ. ಕೇಳಲು ಸುಲಭ. ಆದರೆ ಅಯಾನಿನ ಬೆಳಕಿನಲ್ಲಿ ಯಂತ್ರಕ್ಕೆ ಸಿಗುವುದು ಸಣ್ಣ ಪಾಲು. ಚದುರಿದ ಲೇಸರ್ ಬೆಳಕೂ ಅದರೊಳಗೆ ಸೇರಿಕೊಳ್ಳುತ್ತದೆ.

ಹಾಗಾದ್ರೆ ಇನ್ನಷ್ಟು ಹೊತ್ತು ನೋಡಿದರಾಯ್ತಲ್ಲ ಅಂತ ನಮಗೂ ಅನಿಸಿತ್ತು. ಎಡವಟ್ಟು ಇರುವುದೇ ಅಲ್ಲಿ. ಕ್ಯಾಲ್ಸಿಯಂ ಅಯಾನಿನ ಕತ್ತಲ ಸ್ಥಿತಿಯ ಸರಾಸರಿ ಆಯಸ್ಸು ಸುಮಾರು 1.2 ಸೆಕೆಂಡ್. ನಾವು ಎಣಿಸುತ್ತಿರುವಾಗಲೇ ಅದು ಕೆಳಗೆ ಜಾರಿ ಹೊಳೆಯತೊಡಗಬಹುದು. ಒಟ್ಟು ಎಣಿಕೆ ಮಾತ್ರ ನೋಡಿದವರು ಮೋಸ ಹೋದಂತೆ.

2008ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಫೋಟಾನ್ ಎಷ್ಟು ಬಂತು ಎನ್ನುವುದರ ಜೊತೆಗೆ ಯಾವಾಗ ಬಂತು ಎಂಬುದನ್ನೂ ದಾಖಲಿಸಿತು. ಮೊದಲೆಲ್ಲ ಕತ್ತಲು, ಆಮೇಲೆ ಬೆಳಕು ಎಂದಾದರೆ ಅಯಾನು ನಡುವೆ ಜಾರಿರಬೇಕು ಅಂತ ಗೊತ್ತಾಗುತ್ತದೆ. ಸಾಕಷ್ಟು ಖಾತ್ರಿಯಾದ ಕೂಡಲೇ ಎಣಿಕೆ ನಿಲ್ಲಿಸಿದರು. ಸರಾಸರಿ 145 ಮೈಕ್ರೋಸೆಕೆಂಡಿನಲ್ಲಿ ಶೇ. 99.99 ನಿಖರತೆ ಸಿಕ್ಕಿತು.

ಹತ್ತು ಸಾವಿರಕ್ಕೆ ಒಂದು ತಪ್ಪು. ಅಷ್ಟೇ ತಾನೇ ಅನ್ನಬೇಡಿ. ದೊಡ್ಡ ಲೆಕ್ಕದಲ್ಲಿ ತಪ್ಪು ಹುಡುಕಿ ತಿದ್ದಲೆಂದೇ ಎಷ್ಟೋ ಕ್ಯೂಬಿಟ್‌ಗಳನ್ನು ನಡುನಡುವೆ ಮತ್ತೆ ಮತ್ತೆ ಓದುತ್ತಿರಬೇಕಾಗುತ್ತದೆ.